ಕೂಸಿನ ಮಾತಿಗೆ ಮರುಮಾತು

‘ಆತ’ ಮತ್ತು ‘ಆಟ’. ಈ ಎರಡರ ವ್ಯತ್ಯಾಸ ಕನ್ನಡದ ಕಿವಿಗೆ ಎಷ್ಟು ಸಲೀಸಾಗಿ ಕೇಳಿಸುತ್ತದೆಂದರೆ, ಅದು ಕೇಳಿಸದವರೂ ಇದ್ದಾರೆಂದು ನಂಬುವುದೇ ಕಷ್ಟ. ಇಂಗ್ಲಿಷನ್ನಷ್ಟೇ ಕೇಳಿ ಬೆಳೆದವರೊಬ್ಬರ ಮುಂದೆ ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಒಂದು ಸಲ, ಅಂಗುಳಕ್ಕೆ ಮಡಚಿ ಇನ್ನೊಂದು ಸಲ ಹೇಳಿ ನೋಡಿ. ಎರಡೂ ಒಂದೇ ಅಲ್ಲವೇ ಎಂದು ಕೇಳುತ್ತಾರೆ. ಅವರ ಕಿವಿಯಲ್ಲಿ ದೋಷವೇನಿಲ್ಲ. ಆ ವ್ಯತ್ಯಾಸ ಅವರ ಭಾಷೆಗೆ ಬೇಕಾಗಿಲ್ಲವಾದ್ದರಿಂದ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಎಂದೋ ಬಿಟ್ಟಿದೆ.

ಬಿಟ್ಟದ್ದು ಯಾವಾಗ? 1984ರಲ್ಲಿ ಕೆನಡಾದ ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದಕ್ಕೆ ಉತ್ತರ ಕಂಡುಕೊಂಡರು. ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಅವರು ಹಿಂದಿಯ ತಕಾರ, ಟಕಾರ ಕೇಳಿಸಿದರು. ಕೂಸು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ. ಸ್ಪೀಕರಿನಿಂದ ‘ತ, ತ, ತ’ ಎಂದು ಒಂದೇ ಸಮನೆ ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಅದು ‘ಟ, ಟ’ ಆಗುತ್ತದೆ. ಬದಲಾದದ್ದು ಗೊತ್ತಾಗಿ ಕೂಸು ಅತ್ತ ತಲೆ ತಿರುಗಿಸಿದರೆ, ಪಕ್ಕದ ಕಪ್ಪು ಗಾಜಿನ ಪೆಟ್ಟಿಗೆಯೊಳಗೆ ದೀಪ ಹೊತ್ತಿಕೊಂಡು ಆಟಿಕೆಯ ಪ್ರಾಣಿಯೊಂದು ಕುಣಿಯುತ್ತದೆ. ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸುತ್ತಿರುತ್ತಾರೆ, ಅವಳಿಂದ ಕೂಸಿಗೆ ಸುಳಿವು ಸಿಗಬಾರದೆಂದು. 6ರಿಂದ 8 ತಿಂಗಳ ಕೂಸುಗಳು ಬಹುಪಾಲು ತಲೆ ತಿರುಗಿಸಿದವು. 10ರಿಂದ 12 ತಿಂಗಳ ಮಕ್ಕಳಲ್ಲಿ ತಿರುಗಿಸಿದವರು ತೀರಾ ವಿರಳ. ಹಿಂದಿ ಮಾತಾಡುವ ಮನೆಯ ಮಕ್ಕಳು ಮಾತ್ರ ವರ್ಷ ತುಂಬುವ ಹೊತ್ತಿಗೂ ತಪ್ಪಿಲ್ಲದೆ ಗುರುತಿಸುತ್ತಿದ್ದವು.

ಬಾಯಿಂದ ನೆಟ್ಟಗೆ ಒಂದು ಪದ ಬರುವ ಮೊದಲೇ ಮಗುವಿನ ಕಿವಿ ಮನೆಯ ಭಾಷೆಗೆ ಹದಗೊಂಡಿರುತ್ತದೆ ಎಂದಾಯಿತು. ‘ಅದಕ್ಕಿನ್ನೂ ಏನು ತಿಳಿಯುತ್ತೆ ಬಿಡಿ’ ಎಂದು ನಾವು ಸುಮ್ಮನಿರುವ ತಿಂಗಳುಗಳು ಅದರ ಪಾಲಿಗೆ ಬಿಡುವೇ ಇಲ್ಲದ ದುಡಿಮೆಯ ತಿಂಗಳುಗಳು.

ಮಕ್ಕಳನ್ನು ಬೆಳೆಸುವ ಸಲಹೆಗಳಿಗೆ ಈಗ ಬರವಿಲ್ಲ. ಬಸುರಿ ಎಂದು ಗೊತ್ತಾದ ದಿನದಿಂದಲೇ ಫೋನಿನ ತುಂಬ ವಿಡಿಯೊಗಳು, ಮಿದುಳು ಚುರುಕಾಗಿಸುವ ಪುಡಿಗಳು, ತೊಟ್ಟಿಲ ಕೂಸಿಗೆ ತೋರಿಸುವ ಚಿತ್ರದ ಕಾರ್ಡುಗಳು. ಎಲ್ಲದರ ಮೇಲೂ ‘ವೈಜ್ಞಾನಿಕ’ ಎಂಬ ಚೀಟಿ. ಕಳೆದ ಐದು ದಶಕಗಳ ಶಿಶು ಸಂಶೋಧನೆಯನ್ನು ಓದುತ್ತ ಹೋದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಆಧಾರ ಸಿಗುವುದಿಲ್ಲ. ಮತ್ತೆ ಮತ್ತೆ ಎದುರಾಗುವುದು ಒಂದೇ ಸಂಗತಿ: ಕೂಸು ಏನಾದರೂ ಹೇಳಿದಾಗ ತಿರುಗಿ ಹೇಳುವವರು ಒಬ್ಬರಿರಬೇಕು. ಅಳು, ನಗು, ಕೈ ಚಾಚುವುದು, ಕಣ್ಣು ಹೊರಳಿಸುವುದು, ‘ಆ…ಗೂ’ ಎಲ್ಲವೂ ಅದು ಹೇಳುವ ಮಾತೇ.

ಕೇಳಿಸಿಕೊಳ್ಳುವ ಕೆಲಸ ಹುಟ್ಟುವುದಕ್ಕೂ ಮೊದಲೇ ಶುರುವಾಗಿರುತ್ತದೆ. 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹುಟ್ಟಿ ಮೂರು ದಿನ ಕಳೆಯದ ಕೂಸುಗಳ ಬಾಯಿಗೆ ರಬ್ಬರಿನ ಮೊಲೆತೊಟ್ಟು ಕೊಟ್ಟು ಅದನ್ನು ಯಂತ್ರಕ್ಕೆ ಜೋಡಿಸಿದರು. ಒಂದು ಬಗೆಯಲ್ಲಿ ಚೀಪಿದರೆ ಹೆತ್ತ ತಾಯಿಯ ದನಿ, ಇನ್ನೊಂದು ಬಗೆಯಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವ ಹಾಗೆಯೇ ಹೆಚ್ಚು ಚೀಪಿದವು. 2009ರಲ್ಲಿ ಜರ್ಮನಿಯ ಸಂಶೋಧಕರು ಇನ್ನೂ ಸೋಜಿಗದ ಸಂಗತಿ ಹೇಳಿದರು. ಫ್ರೆಂಚ್ ಮನೆಯ ನವಜಾತ ಶಿಶುಗಳ ಅಳುವಿನ ರಾಗ ಏರುತ್ತ ಹೋಗುತ್ತದೆ, ಜರ್ಮನ್ ಶಿಶುಗಳದು ಇಳಿಯುತ್ತ. ಆಯಾ ಭಾಷೆಯ ಮಾತಿನ ಏರಿಳಿತವೂ ಹಾಗೆಯೇ ಇದೆ. ಇದಕ್ಕೆಂದು ಬಸುರಿಯ ಹೊಟ್ಟೆಯ ಮೇಲೆ ಸ್ಪೀಕರ್ ಇಡಬೇಕಾಗಿಲ್ಲ. ಅವಳು ಅತ್ತೆಯ ಜತೆ, ಗಂಡನ ಜತೆ, ಪಕ್ಕದ ಮನೆಯವರ ಜತೆ ದಿನವಿಡೀ ಆಡುವ ಮಾತೇ ಒಳಗೆ ತಲುಪುತ್ತಿರುತ್ತದೆ.

ಇನ್ನು ಬಾಣಂತನದ ಮನೆಯ ಬಚ್ಚಲಿಗೆ ಬನ್ನಿ. ಮಣೆಯ ಮೇಲೆ ಕೂತ ಅಜ್ಜಿ ಸೀರೆಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ, ಕಾಲು ಚಾಚಿ, ಎರಡು ಮೊಣಕಾಲಿನ ನಡುವೆ ಕೂಸನ್ನು ಮಲಗಿಸಿಕೊಂಡಿದ್ದಾರೆ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ ಮೊದಲು ತಮ್ಮ ಕಾಲಿಗೇ ಹೊಯ್ದುಕೊಂಡು ಬಿಸಿ ನೋಡುತ್ತಾರೆ. ಎಣ್ಣೆ ಸವರಿದ ಎದೆಯ ಮೇಲೆ ಅಂಗೈ ಜಾರಿಸುತ್ತ ‘ಯಾರಿದು? ಯಾರಿದು ಎಣ್ಣೆ ಹಚ್ಚಿಸ್ಕೊಳ್ತಾ ಇರೋದು?’ ಎಂದು ಕೇಳುತ್ತಾರೆ. ಕೇಳಿ ನಿಲ್ಲಿಸುತ್ತಾರೆ. ಕೂಸು ಕಾಲು ಒದೆಯುತ್ತದೆ. ‘ಓಹೋ, ನೀನಾ? ಕೋಪ ಬಂತಾ ನಮ್ಮಪ್ಪನಿಗೆ?’ ಮತ್ತೆ ನಿಲ್ಲಿಸುತ್ತಾರೆ. ‘ಊಂ’ ಎಂದು ಒಂದು ಸದ್ದು ಬರುತ್ತದೆ. ‘ಹೂಂ, ಹೂಂ, ಆಯ್ತು, ಇನ್ನೊಂದೇ ಚೊಂಬು.’ ನೀರು ಹಾಕಿ ಮುಗಿಯುವ ತನಕ ಇಬ್ಬರ ನಡುವೆ ಹತ್ತಾರು ಮಾತು ನಡೆದಿರುತ್ತದೆ, ಒಬ್ಬರಿಗೆ ಮಾತೇ ಬಾರದಿದ್ದರೂ.

ಅಜ್ಜಿಯ ದನಿಯನ್ನು ಇನ್ನಷ್ಟು ಗಮನಿಸಿ. ಸ್ವರ ಮೇಲಕ್ಕೇರಿದೆ, ಪದಗಳು ಉದ್ದವಾಗಿವೆ, ಒಂದೇ ಮಾತು ಎರಡು ಮೂರು ಸಲ ಬರುತ್ತಿದೆ. ಬುವ್ವ, ತಾಚಿ, ಮಮ್ಮು, ಅಂಬಾ ಮುಂತಾದ ಪದಗಳೂ ಅದರ ಜತೆಗೇ. ಮಕ್ಕಳ ಜತೆ ಹೀಗೆ ಮುದ್ದುಮುದ್ದಾಗಿ ಮಾತಾಡಬಾರದು, ದೊಡ್ಡವರ ಹಾಗೆಯೇ ಆಡಬೇಕು, ಇಲ್ಲವಾದರೆ ಉಚ್ಚಾರ ಕೆಡುತ್ತದೆ ಎಂದು ಈಗಿನ ಕೆಲವು ತಂದೆ ತಾಯಂದಿರು ಅಜ್ಜಿಯನ್ನು ತಡೆಯುವುದುಂಟು. ತಡೆಯಬೇಕಾಗಿಲ್ಲ. ಮುದ್ದುಮಾತನ್ನೂ ದೊಡ್ಡವರ ಮಾತನ್ನೂ ಕೇಳಿಸಿ ಕೂಸುಗಳು ಯಾವುದಕ್ಕೆ ಹೆಚ್ಚು ಹೊತ್ತು ಕಿವಿಗೊಡುತ್ತವೆ ಎಂದು ಹಲವು ದೇಶಗಳ 67 ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದವು. 2,300ಕ್ಕೂ ಹೆಚ್ಚು ಕೂಸುಗಳು ಅದರಲ್ಲಿದ್ದವು. ಗೆದ್ದದ್ದು ಮುದ್ದುಮಾತು. ಎಳೆದು ಹೇಳಿದಾಗ ಪದದ ಆದಿ, ಅಂತ್ಯ ಮಗುವಿಗೆ ತಿಳಿಯುತ್ತದೆ. ಮುಖ ಹತ್ತಿರ ಬಂದಾಗ ತುಟಿಯ ಚಲನೆ ಕಾಣುತ್ತದೆ. ನಿಲ್ಲಿಸಿದಾಗ ತನ್ನ ಸರದಿ ಬಂದದ್ದು ಗೊತ್ತಾಗುತ್ತದೆ.

ಬಚ್ಚಲಿನ ಎಲ್ಲ ಪದ್ಧತಿಯೂ ಸರಿ ಎಂದು ಇದರ ಅರ್ಥವಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯೂ ಬೇಡ. ಅಜ್ಜಿಯ ಕೈಯಲ್ಲಿ ಉಳಿಯಬೇಕಾದದ್ದು ಹಿತವಾದ ನೀವುವಿಕೆ, ಬೆಚ್ಚನೆಯ ನೀರು, ಮತ್ತು ಆ ಮಾತು.

‘ಅತ್ತಾಗೆಲ್ಲ ಎತ್ತಿಕೊಂಡರೆ ಅದೇ ಅಭ್ಯಾಸವಾಗುತ್ತೆ’ ಎಂಬ ಎಚ್ಚರಿಕೆ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಒಂದು ಕಾಲಕ್ಕೆ ವಿಜ್ಞಾನದ ಹೆಸರಿನಲ್ಲೇ ಈ ಮಾತು ಹೇಳಿದವರಿದ್ದರು. ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರ ತನ್ನ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿ ಸಾಕು ಎಂದು ತಾಯಂದಿರಿಗೆ ಬೋಧಿಸಿದ. ಅದಕ್ಕೆ ಪುರಾವೆಯೇನೂ ಇರಲಿಲ್ಲ. ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ವಿಜ್ಞಾನವಾಗುವುದಿಲ್ಲ, ಪರೀಕ್ಷಿಸಿ ನೋಡಿದ್ದು ಮಾತ್ರ ಆಗುತ್ತದೆ. 1986ರಲ್ಲಿ ಮಾಂಟ್ರಿಯಲ್‌ನ ಅರ್ಸ್ ಹುನ್ಸಿಕರ್ ಮತ್ತು ರೊನಾಲ್ಡ್ ಬಾರ್ ಪರೀಕ್ಷಿಸಿಯೇ ನೋಡಿದರು. ಅಳಲಿ, ಅಳದಿರಲಿ, ದಿನಕ್ಕೆ ಕನಿಷ್ಠ 3 ಗಂಟೆ ಎತ್ತಿಕೊಳ್ಳಿ ಎಂದು ಅರ್ಧದಷ್ಟು ತಾಯಂದಿರಿಗೆ ಹೇಳಿದರು. ಕೂಸುಗಳ ಅಳು ಅತಿ ಹೆಚ್ಚಿರುವ ಆರನೆಯ ವಾರದಲ್ಲಿ ಈ ಗುಂಪಿನ ಕೂಸುಗಳು ಶೇ 43ರಷ್ಟು ಕಡಿಮೆ ಅತ್ತವು. ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡು ಯಾವ ಕೂಸೂ ಹಾಳಾಗಿಲ್ಲ. ಏನು ಮಾಡಿದರೂ ಅಳು ನಿಲ್ಲದ ಸಂಜೆಗಳೂ ಇರುತ್ತವೆ. ಹಸಿವು, ಜ್ವರ, ಹೊಟ್ಟೆಯುಬ್ಬರ ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೂ ಅತ್ತರೆ ಅದು ಬಾಣಂತಿಯ ತಪ್ಪಲ್ಲ. ಮೂರು ನಾಲ್ಕು ತಿಂಗಳಿಗೆ ಅದು ತಾನಾಗಿ ಇಳಿಯುತ್ತದೆ.

ಮರುಮಾತು ಸಿಗದಿದ್ದರೆ ಏನಾಗುತ್ತದೆ? ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗ ಮೂರೇ ನಿಮಿಷಗಳಲ್ಲಿ ಅದನ್ನು ತೋರಿಸುತ್ತದೆ. ತಾಯಿ ಮೊದಲು ಎಂದಿನಂತೆ ಕೂಸನ್ನು ಆಡಿಸುತ್ತಾಳೆ. ಆಮೇಲೆ, ಹೇಳಿಕೊಟ್ಟಂತೆ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂಸನ್ನೇ ನೋಡುತ್ತ ಕೂರುತ್ತಾಳೆ. ಕೂಸಿಗೆ ತಕ್ಷಣ ಗೊತ್ತಾಗುತ್ತದೆ. ನಗುತ್ತದೆ. ಉತ್ತರವಿಲ್ಲ. ಸ್ವಲ್ಪ ದೊಡ್ಡ ಮಗುವಾದರೆ ಬೆರಳು ಚಾಚಿ ಏನನ್ನೋ ತೋರಿಸುತ್ತದೆ. ಉತ್ತರವಿಲ್ಲ. ಮುಂದಕ್ಕೆ ಬಾಗಿ ಎರಡೂ ಕೈ ಎತ್ತುತ್ತದೆ, ಕಿರುಚುತ್ತದೆ. ಕೊನೆಗೆ ಮುಖವನ್ನೇ ಅತ್ತ ತಿರುಗಿಸಿಕೊಂಡು ಬಾಡಿಹೋಗುತ್ತದೆ, ಇಲ್ಲವೇ ಅಳುತ್ತದೆ. ತಾಯಿ ಅಲ್ಲೇ ಇದ್ದಾಳೆ, ಕಣ್ಣೆದುರಿಗೇ ಇದ್ದಾಳೆ. ಕೂಸಿಗೆ ಅಷ್ಟು ಸಾಲದು.

ಫೋನ್ ನೋಡುತ್ತ ಹಾಲೂಡುವ ತಾಯಂದಿರ ಎದೆ ಇದನ್ನೋದಿ ಝಲ್ ಎನ್ನಬಹುದು. ಗಾಬರಿ ಬೇಡ. ಟ್ರಾನಿಕ್ ಅವರ ಮುಂದಿನ ಅಧ್ಯಯನಗಳು ಹೇಳಿದ ಮಾತು ಸಮಾಧಾನದ್ದು. ಅಕ್ಕರೆಯ ತಾಯಿಯೂ ಕೂಸೂ ಪರಸ್ಪರ ಹೊಂದಿಕೊಂಡು ಇರುವುದು ಶೇ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಆ ಪ್ರಯೋಗದಲ್ಲೂ ತಾಯಿ ಮತ್ತೆ ನಕ್ಕು ಮಾತಾಡಿಸಿದಾಗ ಕೂಸು ತುಸು ಮುನಿಸಿನಿಂದಲೇ ಅವಳ ಕಡೆ ಮರಳುತ್ತದೆ. ತಪ್ಪಿದ ಮೇಲೆ ಮತ್ತೆ ಕೂಡಿಸಿಕೊಳ್ಳುವುದನ್ನೇ ಕೂಸು ಕಲಿಯುವುದು. ಬಾಣಂತಿಗೆ ದಿನಗಟ್ಟಲೆ ಮಂಕು ಕವಿದು, ಕೂಸಿನ ಮುಖ ನೋಡಲೂ ಮನಸ್ಸಾಗದೆ ಇದ್ದರೆ ಅದು ಬೇರೆಯೇ ವಿಷಯ. ಅದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಬಾಣಂತಿಯ ಖಿನ್ನತೆ ಎಂಬ ಕಾಯಿಲೆ ಅದು, ಚಿಕಿತ್ಸೆ ಇದೆ. ಮನೆಯವರೇ ಮೊದಲು ಗುರುತಿಸಿ ವೈದ್ಯರ ಬಳಿ ಕರೆದೊಯ್ಯಬೇಕು.

ಮಗುವಿನ ಕಿವಿಗೆ ಎಷ್ಟು ಪದ ಬೀಳಬೇಕು ಎಂಬ ಲೆಕ್ಕವೂ ಒಂದು ಕಾಲಕ್ಕೆ ಬಲು ದೊಡ್ಡದಾಗಿತ್ತು. ಬೆಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ ಕಾನ್ಸಸ್‌ನಲ್ಲಿ 42 ಕುಟುಂಬಗಳ ಮಾತನ್ನು ತಿಂಗಳಿಗೊಮ್ಮೆ ಧ್ವನಿಮುದ್ರಿಸಿ 1995ರಲ್ಲಿ ಪುಸ್ತಕ ಬರೆದರು. ಉಳ್ಳವರ ಮಕ್ಕಳಿಗೂ ಬಡವರ ಮಕ್ಕಳಿಗೂ ಶಾಲೆ ಸೇರುವ ಮೊದಲೇ 3 ಕೋಟಿ ಪದಗಳ ಅಂತರ ಬಿದ್ದಿರುತ್ತದೆ ಎಂಬ ಅವರ ಮಾತು ಜಗತ್ತಿನಾದ್ಯಂತ ಹಬ್ಬಿತು. ಆ ಅಧ್ಯಯನದಲ್ಲಿದ್ದ ಕಡುಬಡ ಕುಟುಂಬಗಳು ಆರೇ ಆರು ಎಂಬುದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 2018ರಲ್ಲಿ ಬೇರೆ ಸಂಶೋಧಕರು ಹೊಸ ಕುಟುಂಬಗಳಲ್ಲಿ ನೋಡಿದಾಗ ಅಂತಹ ಅಂತರ ಕಾಣಲಿಲ್ಲ. ಅಜ್ಜಿ, ಚಿಕ್ಕಮ್ಮ, ಅಕ್ಕ, ಅಣ್ಣ ಆಡುವ ಮಾತನ್ನೂ ಸೇರಿಸಿದರೆ ಬಡವರ ಮನೆಯ ಲೆಕ್ಕ ಬೇರೆಯೇ ಆಗುತ್ತದೆ. ಕೂಲಿಗೆ ಹೋಗುವ ತಾಯಿಗೆ ‘ನೀನು ಮಾತಾಡುವುದು ಸಾಲದು’ ಎಂದು ಬೆರಳು ತೋರಿಸಲು ಆ ಅಂಕಿಯನ್ನು ಬಳಸಿದ್ದು ಅನ್ಯಾಯವೆಂದೇ ನನ್ನ ಅನಿಸಿಕೆ.

ಅದೇ 2018ರಲ್ಲಿ ಅಮೆರಿಕದ ಸಂಶೋಧಕಿ ರೇಚಲ್ ರೋಮಿಯೊ ಮತ್ತು ಸಂಗಡಿಗರು 4ರಿಂದ 6 ವರ್ಷದ 36 ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕತೆ ಕೇಳುವಾಗ ಮಿದುಳಿನ ಭಾಷೆಯ ಭಾಗ ಎಷ್ಟು ಚುರುಕಾಗುತ್ತದೆ ಎಂಬುದು ಮನೆಯಲ್ಲಿ ಕಿವಿಗೆ ಬಿದ್ದ ಪದಗಳ ಸಂಖ್ಯೆಯೊಂದಿಗೆ ಹೊಂದಲಿಲ್ಲ, ಮನೆಯ ಆದಾಯದೊಂದಿಗೂ ಹೊಂದಲಿಲ್ಲ. ಹೊಂದಿದ್ದು ಮಗು ಒಂದು, ದೊಡ್ಡವರು ಒಂದು ಎಂದು ನಡೆದ ಸರದಿಯ ಮಾತಿನೊಂದಿಗೆ. ಟಿ.ವಿ. ದಿನವಿಡೀ ಉರಿಯುವ ಮನೆಯಲ್ಲಿ ಪದಗಳಿಗೇನೂ ಕೊರತೆ ಇರುವುದಿಲ್ಲ. ಸರದಿ ಮಾತ್ರ ಮಗುವಿಗೆ ಬರುವುದೇ ಇಲ್ಲ.

ಮೊಬೈಲಿನ ವಿಷಯಕ್ಕೆ ಬರಲೇಬೇಕು. ಮದುವೆ ಮನೆಯ ಊಟದ ಸಾಲಿನಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ, ಎಲ್ಲಿ ನೋಡಿದರೂ ಒಂದೂವರೆ ವರ್ಷದ ಮಗುವಿನ ಎದುರು ಲೋಟಕ್ಕೆ ಒರಗಿಸಿಟ್ಟ ಫೋನು. ಬಣ್ಣಬಣ್ಣದ ಗೊಂಬೆಗಳು ಇಂಗ್ಲಿಷಿನಲ್ಲಿ ಹಾಡುತ್ತಿವೆ. ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ‘ಇದಿಲ್ಲದಿದ್ದರೆ ಒಂದು ಅಗುಳೂ ಇಳಿಯಲ್ಲ’ ಎಂದು ಅಮ್ಮ ಹೇಳುತ್ತಾಳೆ. ಅವಳ ಆಯಾಸ ನಿಜ. ನಾಲ್ಕು ಜನ ಸರದಿಯಲ್ಲಿ ಎತ್ತಿಕೊಳ್ಳುತ್ತಿದ್ದ ಮಗುವನ್ನು ಈಗ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಆದರೂ ಪುರಾವೆ ಏನು ಹೇಳುತ್ತದೆ ಎಂಬುದನ್ನು ಮುಚ್ಚಿಡಲಾಗದು.

ಸಿಯಾಟಲ್‌ನ ಪೆಟ್ರಿಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. 9 ತಿಂಗಳ ಅಮೆರಿಕನ್ ಕೂಸುಗಳ ಜತೆ ಚೀನೀ ಮಾತಾಡುವವರು ಕೂತು ಪುಸ್ತಕ ತೋರಿಸುತ್ತ, ಆಟಿಕೆ ಆಡಿಸುತ್ತ ಮಾತಾಡಿದರು. ಒಂದೊಂದು ಸಲಕ್ಕೆ 25 ನಿಮಿಷ, ನಾಲ್ಕು ವಾರದಲ್ಲಿ 12 ಸಲ. ಅಷ್ಟರಲ್ಲೇ ಆ ಕೂಸುಗಳು ಚೀನೀ ಧ್ವನಿಗಳ ಸೂಕ್ಷ್ಮ ವ್ಯತ್ಯಾಸವನ್ನು ತೈವಾನಿನ ಮಕ್ಕಳಷ್ಟೇ ಚೆನ್ನಾಗಿ ಗುರುತಿಸತೊಡಗಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು, ಟಿ.ವಿ. ಪರದೆಯ ಮೇಲೆ. ಆ ಕೂಸುಗಳು ಏನನ್ನೂ ಕಲಿತಿರಲಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಚ್ 2010ರಲ್ಲಿ, ಪದ ಕಲಿಸುವುದಕ್ಕೆಂದೇ ತಯಾರಾದ ವಿಡಿಯೊವನ್ನು 12ರಿಂದ 18 ತಿಂಗಳ ಮಕ್ಕಳಿಗೆ ನಾಲ್ಕು ವಾರ ಮನೆಯಲ್ಲೇ ತೋರಿಸಿ ಪರೀಕ್ಷಿಸಿದರು. ವಿಡಿಯೊ ನೋಡಿದ ಮಕ್ಕಳು ನೋಡದವರಿಗಿಂತ ಹೆಚ್ಚೇನೂ ಕಲಿಯಲಿಲ್ಲ. ಹೆಚ್ಚು ಕಲಿತವರು, ವಿಡಿಯೊ ಇಲ್ಲದೆ, ದಿನದ ಕೆಲಸದ ನಡುವೆ ಅಪ್ಪ ಅಮ್ಮನೇ ಅವೇ ಪದ ಹೇಳಿಕೊಟ್ಟ ಮಕ್ಕಳು. ಆ ವಿಡಿಯೊವನ್ನು ತಾವೇ ಮೆಚ್ಚಿಕೊಂಡಿದ್ದ ಹೆತ್ತವರು ‘ನಮ್ಮ ಮಗು ತುಂಬಾ ಕಲಿಯಿತು’ ಎಂದು ನಂಬಿದ್ದರು. ಮಗುವಿನ ಪರೀಕ್ಷೆಯಲ್ಲಿ ಅದಕ್ಕೆ ಆಧಾರವಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಒಂದು ವಿನಾಯಿತಿ ಮಾತ್ರ ವಿಜ್ಞಾನವೇ ಕೊಟ್ಟಿದೆ, ಅದೂ ನಮ್ಮವರಿಗೆ ಬಲು ಬೇಕಾದದ್ದು. 2014ರ ಅಮೆರಿಕದ ಅಧ್ಯಯನವೊಂದರಲ್ಲಿ ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಲ್ಲಿ ಮಾತಾಡಿದವರಿಂದ ಹೊಸ ಪದಗಳನ್ನು ಎದುರಿಗೇ ಕೂತು ಕಲಿತಷ್ಟೇ ಚೆನ್ನಾಗಿ ಕಲಿತರು. ಕರೆಯ ಆ ಕಡೆಯವರು ಮಗು ಹೇಳಿದ್ದಕ್ಕೆ ಆಗಿಂದಾಗಲೇ ಉತ್ತರ ಕೊಡುತ್ತಿದ್ದರಲ್ಲ, ಅದೇ ಕಾರಣ. ಹಾಸನದ ಅಜ್ಜಿ ನ್ಯೂಜೆರ್ಸಿಯ ಮೊಮ್ಮಗಳಿಗೆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಹಿತ್ತಲ ಬಸಳೆಯನ್ನೋ ಕರುವನ್ನೋ ತೋರಿಸುತ್ತ ಕನ್ನಡದಲ್ಲಿ ಕೇಳುವ ಪ್ರಶ್ನೆಗಳನ್ನು ಪರದೆಯ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ತುತ್ತಿಗೆ ಮೊಬೈಲ್ ರೂಢಿಯಾದ ಮಗುವಿಗೆ ಅದನ್ನು ಒಂದೇ ದಿನದಲ್ಲಿ ಬಿಡಿಸುವುದು ಕಷ್ಟ, ಆದರೂ ಬಿಡಿಸಬಹುದು. ಕೆಲವು ದಿನ ಕಡಿಮೆ ತಿನ್ನುತ್ತದೆ. ಆರೋಗ್ಯವಾಗಿರುವ, ತೂಕ ಸರಿಯಾಗಿರುವ ಮಗು ಎರಡು ದಿನ ಕಡಿಮೆ ತಿಂದರೆ ಸೊರಗುವುದಿಲ್ಲ. ನೆಲದ ಮೇಲೆ ಕೂರಿಸಿ, ತಟ್ಟೆಗೆ ಮೆತ್ತಗೆ ಕಲಸಿದ ಅನ್ನ, ಬೆಂದ ಕ್ಯಾರೆಟ್ ಹಾಕಿ ಅದರ ಕೈಗೇ ಬಿಡಿ. ಚೆಲ್ಲಲಿ. ‘ಅನ್ನ ಬೇಕಾ, ಕ್ಯಾರೆಟ್ ಬೇಕಾ?’ ಎಂದು ಕೇಳಿ, ಅದು ಕೈ ತೋರಿಸುವ ತನಕ ಕಾಯಿರಿ. ಬಾಯಿ ಮುಚ್ಚಿ ತಲೆ ಅತ್ತ ತಿರುಗಿಸಿದರೆ ‘ಸಾಕಾ? ಆಯ್ತು’ ಎಂದು ನಿಲ್ಲಿಸಿ. ಹೊಟ್ಟೆ ತುಂಬಿತು ಎಂದು ಅದು ಹೇಳಿದ ಮಾತಿಗೂ ಬೆಲೆ ಕೊಟ್ಟಂತಾಯಿತು. ಪರದೆ ನೋಡುತ್ತ ತಿನ್ನುವ ಮಗುವಿಗೆ ತನ್ನ ಹೊಟ್ಟೆಯ ಮಾತು ಕೇಳಿಸುವುದಿಲ್ಲ.

ಆರೇಳು ತಿಂಗಳ ಕೂಸಿಗೆ ಇದೆಲ್ಲ ಏನು ಅರ್ಥವಾಗುತ್ತದೆ ಎನ್ನುವವರಿಗೆ ಒಂದು ಮಾತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಲಿಕಾ ಬರ್ಗಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ 6ರಿಂದ 9 ತಿಂಗಳ ಕೂಸುಗಳಿಗೆ ಎರಡೆರಡು ಚಿತ್ರ ತೋರಿಸಿ, ಅಮ್ಮನ ದನಿಯಲ್ಲಿ ಒಂದರ ಹೆಸರು ಹೇಳಿಸಿ, ಕಣ್ಣು ಎತ್ತ ಹೋಗುತ್ತದೆ ಎಂದು ಅಳೆದರು. ತಿನ್ನುವ ವಸ್ತುಗಳು, ಮೈಯ ಅಂಗಗಳು ಇಂತಹ ಪದಗಳು ಆಗಲೇ ಅವಕ್ಕೆ ತಿಳಿದಿದ್ದವು. ನೀವು ಹುರುಳಿಕಾಯಿ ಬಿಡಿಸುವಾಗ ಒಂದನ್ನು ಎತ್ತಿ ತೋರಿಸಿ ಹೆಸರು ಹೇಳಿದರೆ ಆ ಮಾತು ವ್ಯರ್ಥವಾಗುವುದಿಲ್ಲ.

ಯಾವ ಭಾಷೆಯಲ್ಲಿ ಹೇಳಬೇಕು? ಬೆಂಗಳೂರಿನಲ್ಲಿ, ಈಗ ತಾಲ್ಲೂಕು ಊರುಗಳಲ್ಲೂ, ಕನ್ನಡದ ಮನೆಗಳು ಮಗುವಿನ ಜತೆ ಇಂಗ್ಲಿಷಿಗೆ ತಿರುಗಿವೆ. ಆಮೇಲೆ ಶಾಲೆಯಲ್ಲಿ ಕಷ್ಟವಾಗಬಾರದು ಎಂಬ ಆತಂಕ. ‘ಕಮ್’, ‘ಸಿಟ್’, ‘ಈಟ್ ಫಾಸ್ಟ್’, ‘ಡೋಂಟ್ ಟಚ್’. ಕಿವಿಗೊಟ್ಟರೆ ತಿಳಿಯುತ್ತದೆ, ಇದರಲ್ಲಿ ಅಪ್ಪಣೆಗಳೇ ತುಂಬಿವೆ. ನಮಗೆ ಅರೆಬರೆ ಬರುವ ಭಾಷೆಯಲ್ಲಿ ನಾವು ಮಗುವಿಗೆ ಆಜ್ಞೆ ಮಾಡಬಲ್ಲೆವು, ಕತೆ ಹೇಳಲಾರೆವು, ಕೀಟಲೆ ಮಾಡಲಾರೆವು, ಅದು ಕೇಳಿದ ಏಳು ‘ಯಾಕೆ’ಗೂ ಉತ್ತರಿಸಲಾರೆವು. ಸಂಶೋಧನೆಯ ಮಾತು ಸ್ಪಷ್ಟವಾಗಿದೆ: ನಿಮಗೆ ನಿರಾಯಾಸವಾಗಿ ಹರಿದು ಬರುವ ಭಾಷೆಯಲ್ಲಿ ಮಾತಾಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬುದೂ ಸರಿಯಲ್ಲ. ಬಸುರಿನಲ್ಲಿ ತಾಯಿ ಎರಡು ಭಾಷೆ ಆಡುತ್ತಿದ್ದರೆ ಹುಟ್ಟಿದ ಕೂಸು ಎರಡಕ್ಕೂ ಕಿವಿಗೊಡುತ್ತದೆ ಎಂದು 2010ರಲ್ಲಿ ವರ್ಕರ್ ಅವರ ತಂಡವೇ ತೋರಿಸಿತು. ಮನೆಯಲ್ಲಿ ತುಳು, ಕೇರಿಯಲ್ಲಿ ಕನ್ನಡ, ಅಂಗಡಿಯಲ್ಲಿ ಬ್ಯಾರಿ ಕೇಳಿ ಬೆಳೆಯುವ ಕರಾವಳಿಯ ಮಕ್ಕಳಿಗೆ ಇದು ಹೊಸ ಸುದ್ದಿಯೇನಲ್ಲ. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು, ಅಷ್ಟೇ.

ಹೀಗೆ ಆಡಿಸುವುದು, ಮಾತಾಡಿಸುವುದು ಮುಂದೆ ಬದುಕಿಗೆ ಉಪಯೋಗವಾಗುತ್ತದೆಯೇ ಎಂಬುದಕ್ಕೆ ಜಮೈಕಾದ ಅಧ್ಯಯನದಷ್ಟು ಗಟ್ಟಿ ಉತ್ತರ ಕೊಟ್ಟವು ಕಡಿಮೆ. 1986–87ರಲ್ಲಿ ಸಂಶೋಧಕಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅವರು ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಅಪೌಷ್ಟಿಕತೆಯಿಂದ ಎತ್ತರ ಕುಂಠಿತವಾಗಿದ್ದ 9ರಿಂದ 24 ತಿಂಗಳ 129 ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ವಾರಕ್ಕೆ 1 ಕಿಲೋ ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಬಂದು ಒಂದು ಗಂಟೆ ಕೂತು, ಮಗುವನ್ನು ಹೇಗೆ ಆಡಿಸುವುದು, ಹೇಗೆ ಮಾತಾಡಿಸುವುದು ಎಂದು ತಾಯಿಗೆ ತೋರಿಸುತ್ತಿದ್ದಳು. ಆಟಿಕೆಗಳೆಲ್ಲ ಖಾಲಿ ಡಬ್ಬಿ, ಬಾಟಲಿ ಮುಚ್ಚಳ, ರಟ್ಟಿನಿಂದ ಮಾಡಿದವು. ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಎರಡು ವರ್ಷ ಹೀಗೆ ನಡೆಯಿತು. ಆ ಮಕ್ಕಳಿಗೆ 22 ವರ್ಷವಾದಾಗ ಹುಡುಕಿ ನೋಡಿದರು. ಆಟದ ಭೇಟಿ ಪಡೆದವರ ಸಂಪಾದನೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. 2014ರಲ್ಲಿ ಇದು ಪ್ರಕಟವಾಯಿತು. ಹಾಲಿನ ಪುಡಿಯ ಪರಿಣಾಮ ಅಷ್ಟು ದೂರ ಉಳಿದಿರಲಿಲ್ಲ. ಹೊಟ್ಟೆಗೆ ಹಾಕುವುದು ಬೇಡವೆಂದಲ್ಲ, ಅದು ಬೇಕೇ ಬೇಕು. ಹೊಟ್ಟೆಗೆ ಹಾಕಿದರೆ ಸಾಕು ಎಂದುಕೊಂಡರೆ ಅರ್ಧವೇ ಆಯಿತು.

ಕರ್ನಾಟಕಕ್ಕೆ ಈ ಪಾಠ ಈಗಲೇ ಬೇಕಾಗಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿಯಿಂದ ಸಿಗುತ್ತ ಬಂದದ್ದು ಮುಖ್ಯವಾಗಿ ಆಹಾರದ ಪೊಟ್ಟಣ, ತೂಕದ ಲೆಕ್ಕ, ಚುಚ್ಚುಮದ್ದಿನ ನೆನಪು. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಕೂಸುಗಳಿಗಾಗಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ, 6 ತಿಂಗಳಿಂದ 3 ವರ್ಷದ ಮಕ್ಕಳಿಗೆ. ಹೆಸರೇ ಅಕ್ಕರೆ ಹುಟ್ಟಿಸುವಂಥದ್ದು. ಅಲ್ಲಿನ ಆರೈಕೆದಾರರು ಊರಿನ ಹೆಣ್ಣುಮಕ್ಕಳೇ. ಜಮೈಕಾದಲ್ಲಿ ಮನೆ ಮನೆಗೆ ಹೋದವರಲ್ಲೂ ಮನೋವಿಜ್ಞಾನಿಗಳಿರಲಿಲ್ಲ. ಮಕ್ಕಳು ಬೀಳದಂತೆ ನೋಡಿಕೊಂಡರೆ, ಹೊತ್ತಿಗೆ ಸರಿಯಾಗಿ ಗಂಜಿ ಕೊಟ್ಟರೆ ಮುಗಿಯಿತು ಎಂದು ಆ ಕೆಲಸವನ್ನು ಅಳೆಯಬಾರದು. ಪ್ರತಿ ಕೂಸಿನ ಎದುರು ದಿನಕ್ಕೊಮ್ಮೆಯಾದರೂ ಕೂತು, ಹೆಸರು ಹಿಡಿದು ಕರೆದು, ಅದು ಎತ್ತಿಕೊಟ್ಟ ಮುಚ್ಚಳಕ್ಕೆ ಒಂದು ಮಾತು ಆಡಿ ಹಿಂದಿರುಗಿಸುವುದು ಅವರ ಕೆಲಸದ ಪಟ್ಟಿಯಲ್ಲೇ ಇರಬೇಕು. ತರಬೇತಿಯಲ್ಲಿ ಅದನ್ನು ಕಲಿಸಬೇಕು, ಆ ಹೆಣ್ಣುಮಕ್ಕಳ ಕೂಲಿ ತಡವಾಗದೆ ಕೈಸೇರಬೇಕು.

ಅಜ್ಜಿಯ ಪಾಂಡಿತ್ಯವನ್ನು ಇಷ್ಟು ಕೊಂಡಾಡಿದ ಮೇಲೆ ಅವರಲ್ಲಿ ಕೇಳಿಕೊಳ್ಳಬೇಕಾದ ಒಂದು ವಿಷಯವಿದೆ. ಮಗುವಿಗೆ ಎರಡು ವರ್ಷವಾಯಿತು, ಮಾತು ಬಂದಿಲ್ಲ. ಸೊಸೆಗೆ ಆತಂಕ. ‘ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಗಂಡುಮಕ್ಕಳಿಗೆ ಮಾತು ತಡ’ ಎನ್ನುತ್ತಾರೆ ಅಜ್ಜಿ. ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಸವರುತ್ತಾರೆ. ನಾಲಿಗೆ ಅಂಟಿಕೊಂಡಿದೆ, ಕತ್ತರಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಕೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನೇ ಸೋಲಿಸುವ ವಿಷ ಉಂಟುಮಾಡಬಲ್ಲದು. ಇನ್ನು ಅಂಟಿದ ನಾಲಿಗೆಯಿಂದ ಮೊಲೆಹಾಲು ಕುಡಿಯಲು ಕಷ್ಟವಾಗಬಹುದು, ಕೆಲವು ಅಕ್ಷರ ಸ್ಪಷ್ಟವಾಗದಿರಬಹುದು, ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಗಂಡುಮಕ್ಕಳು ತುಸು ತಡ ಎಂಬುದರಲ್ಲಿ ಸತ್ಯಾಂಶವಿದೆ, ಆದರೆ ಕೆಲವು ವಾರಗಳ, ಹೆಚ್ಚೆಂದರೆ ಒಂದೆರಡು ತಿಂಗಳ ಮಟ್ಟಿಗೆ. ತಾನಾಗಿ ಸರಿಹೋಗುವ ಮಕ್ಕಳು ಬಹಳ. ಯಾವ ಮಗು ಸರಿಹೋಗುತ್ತದೆ, ಯಾವುದು ಇಲ್ಲ ಎಂಬುದನ್ನು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ.

ವರ್ಷ ತುಂಬಿದರೂ ‘ಬಬಬ, ದದದ’ ಎಂಬ ತೊದಲು ಇಲ್ಲ, ಬೇಕಾದದ್ದನ್ನು ಬೆರಳಿನಿಂದ ತೋರಿಸುವುದಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, 16 ತಿಂಗಳಾದರೂ ಒಂದು ಪದ ಇಲ್ಲ, 2 ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಕಾಯಬಾರದು. ಬಂದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲೂ ಕಾಯಬಾರದು. ಪರದೆ ನೋಡಿದ್ದರಿಂದಲೇ ಬರುತ್ತದೆ ಎನ್ನಲಾಗುವ ‘ವರ್ಚುವಲ್ ಆಟಿಸಂ’ ಎಂಬ ಪದ ಈಗ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದೆ. ಅಂಥ ಕಾಯಿಲೆ ವೈದ್ಯಕೀಯದ ಯಾವ ಅಧಿಕೃತ ಪಟ್ಟಿಯಲ್ಲೂ ಇಲ್ಲ. ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅದನ್ನೇ ನಂಬಿ ಕೂತರೆ ನಿಜವಾದ ಆಟಿಸಂ ಇರುವ ಮಗುವಿನ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಿವಿ. ಪ್ರತಿ ಸಾವಿರ ಕೂಸುಗಳಲ್ಲಿ ಒಂದೆರಡಾದರೂ ಹುಟ್ಟುವಾಗಲೇ ಶ್ರವಣದೋಷ ಹೊತ್ತು ಬರುತ್ತವೆ. ‘ತಟ್ಟೆ ಬಡಿದು ನೋಡಿದೆವು, ತಿರುಗಿತು’ ಎಂಬುದು ಪರೀಕ್ಷೆಯಲ್ಲ. ನೆಲದ ಅದುರಿಗೂ ನೆರಳಿನ ಚಲನೆಗೂ ಕೂಸು ತಿರುಗಬಹುದು. ತಟ್ಟೆಯ ಸದ್ದು ಕೇಳಿಸಿದ ಕಿವಿಗೆ ‘ಸ’ಕಾರ ಕೇಳಿಸದಿರಬಹುದು. ಸರಿಯಾದ ಪರೀಕ್ಷೆ ಸುಲಭದ್ದು. ಮಲಗಿರುವ ಕೂಸಿನ ಕಿವಿಗೆ ಮೆತ್ತನೆಯ ಸಣ್ಣ ತುದಿಯೊಂದನ್ನು ಇಟ್ಟು ಕಿರುಸದ್ದು ಬಿಡುತ್ತಾರೆ. ಒಳಗಿವಿ ಸರಿಯಿದ್ದರೆ ಅದು ತಾನೂ ಒಂದು ಸಣ್ಣ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೆಲವೇ ನಿಮಿಷ, ನೋವಿಲ್ಲ. ಓಎಇ ಎಂದು ಕರೆಯುತ್ತಾರೆ. ಅದರಲ್ಲಿ ಸಂಶಯ ಬಂದರೆ ಮತ್ತೊಮ್ಮೆ ಮಾಡಿ, ಆಮೇಲೆ ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ. ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಜಗತ್ತಿನೆಲ್ಲೆಡೆ ಒಪ್ಪಿದ ಗಡುವು. ದೋಷ ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದವರದಕ್ಕಿಂತ ಬಹಳ ಮುಂದಿರುತ್ತದೆ ಎಂದು ಅಮೆರಿಕದ ಕೊಲರಾಡೊದಲ್ಲಿ 1998ರಲ್ಲೇ ತೋರಿಸಿದ್ದಾರೆ. ಹೆರಿಗೆ ಆಸ್ಪತ್ರೆಯಿಂದ ಹೊರಡುವ ದಿನ ‘ಕಿವಿ ಪರೀಕ್ಷೆ ಆಗಿದೆಯಾ, ಚೀಟಿ ಎಲ್ಲಿ’ ಎಂದು ಕೇಳಿ ಪಡೆಯಿರಿ. ಆಗಿಲ್ಲವಾದರೆ ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರದಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೇರೆ ರಾಜ್ಯಗಳವರೂ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ.

ಕಿವಿ ಕೇಳಿಸದ ಕೂಸಿಗೂ ಮರುಮಾತು ಬೇಕು. 1991ರಲ್ಲಿ ಕೆನಡಾದ ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್, ಸಂಜ್ಞೆ ಭಾಷೆಯಲ್ಲಿ ಮಾತಾಡುವ ಕಿವುಡ ತಂದೆ ತಾಯಂದಿರ ಕಿವುಡ ಕೂಸುಗಳನ್ನು ಗಮನಿಸಿದರು. ಉಳಿದ ಕೂಸುಗಳು ‘ಬಬಬ’ ಎಂದು ತೊದಲುವ ವಯಸ್ಸಿಗೇ ಇವು ಕೈಯಲ್ಲಿ ತೊದಲುತ್ತಿದ್ದವು. ಬೆರಳನ್ನು ಒಂದು ಆಕಾರಕ್ಕೆ ತಂದು, ಅದನ್ನೇ ಲಯಬದ್ಧವಾಗಿ ಮತ್ತೆ ಮತ್ತೆ. ಶ್ರವಣ ಸಾಧನವೋ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟೋ ಬರುವ ತನಕ, ಬಂದ ಮೇಲೂ, ಅಂತಹ ಕೂಸಿನ ಮನೆಯವರು ಮುಖ ಎದುರಿಗಿಟ್ಟು, ಕೈ ಆಡಿಸಿ, ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡುವುದನ್ನು ನಿಲ್ಲಿಸಬಾರದು. ಸಂಜ್ಞೆ ಭಾಷೆ ಕಲಿಯುವ ತರಗತಿಗೆ ತಾಯಿಯೊಬ್ಬಳನ್ನೇ ಕಳಿಸದೆ ಅಪ್ಪ, ಅಜ್ಜಿ, ಅಣ್ಣ ಎಲ್ಲರೂ ಹೋಗಿ ಕೂರಬೇಕು.